ತಬ್ಬಲಿ ಮಗುವಿನ ಹಠವೂ ಮೌನವೂ: ಸಾಕುವ ಬಂಧುಗಳಿಗೆ ಒಂದು ಮಾರ್ಗದರ್ಶಿ

ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡು ಅಜ್ಜಿಮನೆಗೆ, ಸೋದರಮಾವನ ಮನೆಗೆ ಅಥವಾ ದೊಡ್ಡಪ್ಪನ ಮನೆಗೆ ಬಂದು ಸೇರಿದ ಮಗುವನ್ನು ಕುರಿತು ಬಂಧುಗಳಿಂದ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ ಬಗೆಯದು. ಮೊದಲ ಕೆಲವು ವಾರ ಹೇಳಿದ್ದನ್ನು ಕೇಳಿಕೊಂಡು ತೆಪ್ಪಗಿದ್ದ ಮಗು ಆಮೇಲೆ ಎದುರುತ್ತರ ಕೊಡಲು, ಸುಳ್ಳು ಹೇಳಲು, ಡಬ್ಬಿಯಿಂದ ಚಿಲ್ಲರೆ ತೆಗೆಯಲು, ರಾತ್ರಿ ಹಾಸಿಗೆ ಒದ್ದೆ ಮಾಡಲು, ಶಾಲೆಗೆ ಹೋಗುವುದಿಲ್ಲವೆಂದು ಹಠ ಹಿಡಿಯಲು ತೊಡಗುತ್ತದೆ. ಪ್ರೀತಿಯಿಂದಲೇ ಹೊಣೆ ಹೊತ್ತ ಹಿರಿಯರು ಆಗ ಒಂದೋ ‘ಪಾಪ, ತಬ್ಬಲಿ ಮಗು’ ಎಂದು ಎಲ್ಲವನ್ನೂ ಬಿಟ್ಟುಕೊಡುತ್ತಾರೆ, ಇಲ್ಲವೇ ‘ಇಷ್ಟು ಮಾಡಿದರೂ ಬುದ್ಧಿ ಇಲ್ಲ’ ಎಂದು ಬೆತ್ತ ಹಿಡಿಯುತ್ತಾರೆ. ಈ ಎರಡು ದಾರಿಗಳಲ್ಲೂ ಮಗುವಿನ ವರ್ತನೆ ಸುಧಾರಿಸದಿರುವುದಕ್ಕೆ ಕಾರಣ ಒಂದೇ: ವರ್ತನೆಯ ಹಿಂದೆ ಇರುವ ಪ್ರಶ್ನೆಗಳಿಗೆ ಎರಡರಿಂದಲೂ ಉತ್ತರ ಸಿಗುವುದಿಲ್ಲ. ಆ ಪ್ರಶ್ನೆಗಳು ಯಾವುವು, ಅವುಗಳಿಗೆ ದಿನನಿತ್ಯದ ಬದುಕಿನಲ್ಲಿ ಉತ್ತರ ಕೊಡುವುದು ಹೇಗೆ ಎಂಬುದನ್ನು ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಕುಟುಂಬಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಹೆತ್ತವರಿಲ್ಲದ ಅಥವಾ ಹೆತ್ತವರು ನೋಡಿಕೊಳ್ಳಲಾಗದ ಮಗುವನ್ನು ರಕ್ತಸಂಬಂಧಿಗಳೇ ಮನೆಯಲ್ಲಿಟ್ಟುಕೊಂಡು ಬೆಳೆಸುವುದನ್ನು ಸಮಾಜಕಾರ್ಯದ ಪರಿಭಾಷೆಯಲ್ಲಿ ಬಂಧುಪೋಷಣೆ ಎನ್ನಬಹುದು. ಮಲೆನಾಡಿಗೆ ಇದು ಹೊಸದಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರ ಡಿಸೆಂಬರ್ 29ರಂದು ಹುಟ್ಟಿದ ಕುವೆಂಪು ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ಕುಪ್ಪಳಿಯ ಕೂಡುಕುಟುಂಬದ ಆಸರೆಯಲ್ಲಿ ಬೆಳೆದವರು. ಆದರೆ ಅಂಥ ದೊಡ್ಡ ಮನೆಯಲ್ಲಿ ಒಬ್ಬರು ಬೇಸತ್ತರೆ ಮಗುವನ್ನು ಎತ್ತಿಕೊಳ್ಳಲು ಇನ್ನೊಬ್ಬರಿರುತ್ತಿದ್ದರು. ದುಡಿಯುವ ವಯಸ್ಸಿನವರು ಬೆಂಗಳೂರಿಗೆ ಹೋಗಿ, ಒಂಟಿ ತೋಟದ ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ ಉಳಿದಿರುವ ಇಂದಿನ ಸ್ಥಿತಿಯಲ್ಲಿ ಅದೇ ಹೊಣೆ ಇಬ್ಬರು ವೃದ್ಧರ ಮೇಲೆ ಬೀಳುತ್ತದೆ.

ಮಗುವಿನ ಶೋಕದ ಬಗ್ಗೆ ಇಂದಿನ ತಿಳಿವಳಿಕೆಗೆ ತಳಹದಿ ಹಾಕಿದವರಲ್ಲಿ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಪ್ರಮುಖರು. 1969ರಿಂದ 1980ರವರೆಗೆ ಹೊರಬಂದ ಮೂರು ಸಂಪುಟಗಳ ತಮ್ಮ ಕೃತಿಯಲ್ಲಿ ಅವರು, ಮಗುವಿಗೆ ತನ್ನನ್ನು ಸಾಕುವ ವ್ಯಕ್ತಿಯೊಂದಿಗಿರುವ ನಂಟು ಅನ್ನ ನೀರಿನಷ್ಟೇ ಮೂಲಭೂತವಾದ ಅಗತ್ಯವೆಂದೂ, ಆ ನಂಟು ಕಡಿದಾಗ ಮಗು ಮೊದಲು ಪ್ರತಿಭಟಿಸಿ, ಬಳಿಕ ಹತಾಶೆಗೊಂಡು, ಕೊನೆಗೆ ಯಾರೂ ಬೇಡವೆಂಬಂತೆ ದೂರ ಸರಿಯುತ್ತದೆಂದೂ ವಿವರಿಸಿದರು. ಅಮೆರಿಕದ ಬಾಸ್ಟನ್ ಪ್ರದೇಶದಲ್ಲಿ ಹೆತ್ತವರಲ್ಲೊಬ್ಬರನ್ನು ಕಳೆದುಕೊಂಡ ಶಾಲಾ ವಯಸ್ಸಿನ ಮಕ್ಕಳನ್ನು ಎರಡು ವರ್ಷ ಗಮನಿಸಿದ ವಿಲಿಯಂ ವರ್ಡನ್ ಮತ್ತು ಫಿಲಿಸ್ ಸಿಲ್ವರ್‌ಮನ್ ಅವರ ಅಧ್ಯಯನ ಎರಡು ಮುಖ್ಯ ಸಂಗತಿಗಳನ್ನು ತೋರಿಸಿತು. ಕೆಲವು ಮಕ್ಕಳ ತೊಂದರೆ ಮೊದಲ ವರ್ಷಕ್ಕಿಂತ ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಹೆಚ್ಚು ಸ್ಪಷ್ಟವಾಗುತ್ತದೆ ಎಂಬುದು ಒಂದು. ಮಗುವನ್ನು ನೋಡಿಕೊಳ್ಳುವ ಹಿರಿಯರು ತಮ್ಮ ಬದುಕನ್ನು ಹೇಗೆ ನಿಭಾಯಿಸುತ್ತಾರೆ ಎಂಬುದರ ಮೇಲೆ ಮಗುವಿನ ಚೇತರಿಕೆ ಬಹುಮಟ್ಟಿಗೆ ನಿಂತಿರುತ್ತದೆ ಎಂಬುದು ಇನ್ನೊಂದು.

ವರ್ತನೆ ಏಕೆ ಬದಲಾಗುತ್ತದೆ

ದೊಡ್ಡವರು ದುಃಖವನ್ನು ಅತ್ತು, ಮಾತಾಡಿ, ಹತ್ತು ಜನರೊಡನೆ ಹಂಚಿಕೊಂಡು ಹಗುರಾಗುತ್ತಾರೆ. ಮಗುವಿಗೆ ಅಷ್ಟು ಮಾತೂ ಇಲ್ಲ, ತನ್ನ ಒಳಗೆ ಏನಾಗುತ್ತಿದೆ ಎಂದು ಗುರುತಿಸುವ ಶಕ್ತಿಯೂ ಬೆಳೆದಿರುವುದಿಲ್ಲ. ಆದ್ದರಿಂದ ಅದರ ದುಃಖ ದೇಹದಲ್ಲಿ ಹೊಟ್ಟೆನೋವಾಗಿ, ನಿದ್ದೆಗೇಡಾಗಿ, ನಡತೆಯಲ್ಲಿ ಸಿಟ್ಟಾಗಿ, ಹಠವಾಗಿ ಹೊರಬರುತ್ತದೆ. ಇದರ ಜೊತೆಗೆ ಮಗು ಒಂದೇ ಸಮನೆ ದುಃಖದಲ್ಲಿರುವುದಿಲ್ಲ. ಹತ್ತು ನಿಮಿಷ ಅತ್ತು ಮರುಗಳಿಗೆ ಅಂಗಳದಲ್ಲಿ ಕ್ರಿಕೆಟ್ ಆಡುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ 1999ರಲ್ಲಿ, ಶೋಕದಲ್ಲಿರುವವರು ಅಗಲಿಕೆಯ ನೋವು ಮತ್ತು ಬದುಕಿನ ಮುಂದುವರಿಕೆ ಎಂಬ ಎರಡರ ನಡುವೆ ಓಡಾಡುತ್ತಿರುತ್ತಾರೆಂದು ವಿವರಿಸಿದ್ದರು. ಮಕ್ಕಳಲ್ಲಿ ಈ ಓಡಾಟ ಬಹಳ ಬೇಗ ಬೇಗ ನಡೆಯುವುದರಿಂದ, ಆಡುತ್ತಿರುವ ಮಗುವನ್ನು ನೋಡಿ ಅದು ಎಲ್ಲವನ್ನೂ ಮರೆತಿದೆ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ.

ಬಂಧುಗಳ ಮನೆಗೆ ಬಂದ ಮಗು ಕಳೆದುಕೊಂಡದ್ದು ಒಬ್ಬ ವ್ಯಕ್ತಿಯನ್ನು ಮಾತ್ರವಲ್ಲ. ತನ್ನ ಮನೆ, ಶಾಲೆ, ಗೆಳೆಯರು, ತಾನು ಮಲಗುತ್ತಿದ್ದ ಜಾಗ, ಊಟದ ರುಚಿ, ಕೆಲವೊಮ್ಮೆ ಒಡಹುಟ್ಟಿದವರು ಕೂಡ ಒಟ್ಟಿಗೇ ಕೈತಪ್ಪಿರುತ್ತಾರೆ. ತಾಯಿ ತೀರಿಕೊಂಡು ತಂದೆ ಪೇಟೆಯಲ್ಲಿ ದುಡಿಯುತ್ತಿದ್ದರೆ ಅಥವಾ ಮರುಮದುವೆಯಾಗಿದ್ದರೆ, ಬದುಕಿರುವ ತಂದೆಯನ್ನೂ ಕಳೆದುಕೊಂಡ ಭಾವ ಸೇರಿಕೊಳ್ಳುತ್ತದೆ. ಇಂಥ ಸ್ಥಿತಿಯಲ್ಲಿ ಮಗುವಿನ ಮನಸ್ಸಿನಲ್ಲಿ ಮೂರು ಪ್ರಶ್ನೆಗಳು ಸುಳಿಯುತ್ತಿರುತ್ತವೆ:

1. ಇದು ನನ್ನಿಂದಾಯಿತೇ? ಅಮ್ಮನೊಂದಿಗೆ ಜಗಳವಾಡಿದ್ದಕ್ಕೆ, ಹೇಳಿದ ಮಾತು ಕೇಳದಿದ್ದಕ್ಕೆ ಹೀಗಾಯಿತೆಂದು ಅನೇಕ ಮಕ್ಕಳು ಒಳಗೊಳಗೇ ನಂಬುತ್ತಾರೆ. ತನ್ನನ್ನು ತಾನು ಬೈದುಕೊಳ್ಳುವುದು, ಬೇಕೆಂದೇ ಶಿಕ್ಷೆ ಬರುವಂಥ ಕೆಲಸ ಮಾಡುವುದು, ಅತಿಯಾದ ವಿಧೇಯತೆ ಇವು ಈ ಪ್ರಶ್ನೆಯ ಗುರುತುಗಳಾಗಿರಬಹುದು.

2. ಇನ್ನು ಯಾರು ಸಾಯುತ್ತಾರೆ? ಅಜ್ಜಿ ಪೇಟೆಗೆ ಹೊರಟರೆ ಸೆರಗು ಹಿಡಿದು ಅಳುವುದು, ಶಾಲೆಗೆ ಹೋಗಲೊಲ್ಲದಿರುವುದು, ರಾತ್ರಿ ಎದ್ದು ಹಿರಿಯರು ಉಸಿರಾಡುತ್ತಿದ್ದಾರೆಯೇ ಎಂದು ನೋಡುವುದು ಇದರಿಂದ ಬರುತ್ತವೆ.

3. ನನ್ನನ್ನು ಕೊನೆಯವರೆಗೂ ಇಟ್ಟುಕೊಳ್ಳುತ್ತಾರೆಯೇ? ತಿಂಡಿಯನ್ನು ಬಚ್ಚಿಡುವುದು, ಹಣ ತೆಗೆಯುವುದು, ಸಾಕುವವರ ತಾಳ್ಮೆ ಕೆಡುವವರೆಗೆ ಕಾಡುವುದು ಇದರ ಪರೀಕ್ಷೆಗಳು. ಮೊದಲ ಕೆಲವು ವಾರ ಅತಿಥಿಯಂತೆ ನಡೆದುಕೊಂಡ ಮಗು, ಸ್ವಲ್ಪ ಸಲುಗೆ ಬಂದ ಮೇಲೆಯೇ ಈ ಪರೀಕ್ಷೆಗೆ ಇಳಿಯುತ್ತದೆಯಾದ್ದರಿಂದ, ತಡವಾಗಿ ಶುರುವಾದ ಹಠವನ್ನು ಕೃತಘ್ನತೆಯೆಂದು ತಿಳಿಯಬಾರದು.

ವಯಸ್ಸಿಗೆ ತಕ್ಕ ತಿಳಿವಳಿಕೆ

ಐದು ವರ್ಷದೊಳಗಿನ ಮಗುವಿಗೆ ಸಾವು ಶಾಶ್ವತವೆಂಬುದು ಅರ್ಥವಾಗುವುದಿಲ್ಲ. ಹದಿಮೂರನೆಯ ದಿನದ ಊಟವಾದ ಮೇಲೂ ‘ಅಮ್ಮ ಯಾವಾಗ ಬರುತ್ತಾಳೆ’ ಎಂದು ಕೇಳುತ್ತದೆ. ಆರರಿಂದ ಒಂಬತ್ತರ ವಯಸ್ಸಿನಲ್ಲಿ ಸತ್ತವರು ಮರಳುವುದಿಲ್ಲವೆಂದು ತಿಳಿಯುತ್ತದೆಯಾದರೂ, ಸಾವು ಯಾರೋ ಬಂದು ಹಿಡಿದುಕೊಂಡು ಹೋಗುವ ಸಂಗತಿಯೆಂಬ ಕಲ್ಪನೆ ಇರಬಹುದು ಎಂಬುದನ್ನು ಹಂಗೆರಿಯ ಮಾರಿಯಾ ನಾಜ್ 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಾಖಲಿಸಿದ್ದರು. ತನ್ನ ತಪ್ಪಿಗೆ ಸಿಕ್ಕ ಶಿಕ್ಷೆ ಇದೆಂಬ ಭಾವವೂ ಈ ವಯಸ್ಸಿನಲ್ಲಿ ಹೆಚ್ಚು. ಹತ್ತು ದಾಟಿದ ಮಕ್ಕಳಿಗೆ ವಿಷಯ ದೊಡ್ಡವರಂತೆಯೇ ತಿಳಿದಿರುತ್ತದೆ, ಆದರೆ ಜೊತೆಯವರ ನಡುವೆ ತಾನೊಬ್ಬನೇ ಬೇರೆಯಾಗಿ ಕಾಣುವ ನಾಚಿಕೆಯಿಂದ ಅದನ್ನು ಅಡಗಿಸುತ್ತಾರೆ. ಹದಿಹರೆಯದವರಲ್ಲಿ ಮೊಬೈಲಿನಲ್ಲಿ ಮುಳುಗುವುದು, ಬೈಕ್ ಓಡಿಸುವ ದುಸ್ಸಾಹಸ, ಮನೆಯಲ್ಲಿ ಮಾತೇ ಆಡದಿರುವುದು ಶೋಕದ ರೂಪಗಳಾಗಿರಬಹುದು. ಚಿಕ್ಕವಯಸ್ಸಿನಲ್ಲಿ ಅಗಲಿಕೆ ಕಂಡ ಮಗು ಬೆಳೆಯುತ್ತ ಹೋದಂತೆ ಪ್ರತಿ ಹಂತದಲ್ಲೂ ಆ ಸಾವನ್ನು ಹೊಸದಾಗಿ ಅರ್ಥಮಾಡಿಕೊಳ್ಳುತ್ತದೆ. ನಾಲ್ಕನೇ ವಯಸ್ಸಿನ ನಷ್ಟಕ್ಕೆ ಹನ್ನೊಂದನೇ ವಯಸ್ಸಿನಲ್ಲಿ ಅಳು ಬಂದರೆ ಅದು ಅಸಹಜವಲ್ಲ.

ಈ ನೆಲದ ವಿಶೇಷ ಸಂದರ್ಭಗಳು

ಮಲೆನಾಡಿನಲ್ಲಿ ತೀವ್ರ ಅಸ್ವಸ್ಥರನ್ನು ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೋ, ಶಿವಮೊಗ್ಗಕ್ಕೋ ಒಯ್ಯುವುದು ರೂಢಿ. ಮಗುವನ್ನು ನೆರೆಮನೆಯಲ್ಲಿ ಬಿಟ್ಟು ಹೋದವರು ಕೆಲವೊಮ್ಮೆ ಹೆಣದೊಂದಿಗೆ ಮರಳುತ್ತಾರೆ, ಇಲ್ಲವೇ ಮಗುವಿಗೆ ತಿಳಿಯದಂತೆ ಅಂತ್ಯಕ್ರಿಯೆ ಮುಗಿಸುತ್ತಾರೆ. ಹೀಗೆ ಕೊನೆಯ ನೋಟವೂ ಸಿಗದ ಮಗುವಿಗೆ ‘ಮಣಿಪಾಲಕ್ಕೆ ಹೋಗಿದ್ದಾರೆ, ಹುಷಾರಾಗಿ ಬರುತ್ತಾರೆ’ ಎಂದು ಹೇಳಿದರೆ, ಮುಂದೆ ಮನೆಯಲ್ಲಿ ಯಾರಿಗೆ ಜ್ವರ ಬಂದು ಆಸ್ಪತ್ರೆಗೆ ಹೊರಟರೂ ಅದು ಕಂಗಾಲಾಗುತ್ತದೆ. ಮಂಗನ ಕಾಯಿಲೆಯ ಭೀತಿಯಿರುವ ಬೇಸಿಗೆಯಲ್ಲಿ ಸಾಮಾನ್ಯ ಜ್ವರವೂ ಇಂಥ ಮಗುವಿಗೆ ದೊಡ್ಡ ಹೆದರಿಕೆ.

ಸಾವಿನ ಕಾರಣವೇ ಸುತ್ತಮುತ್ತಲ ನೆಲದಲ್ಲಿ ದಿನವೂ ಕಣ್ಣಿಗೆ ಬೀಳುವುದು ಇನ್ನೊಂದು ಸಂಗತಿ. ತುಂಗೆಯಲ್ಲೋ ಭದ್ರಾ ಹಿನ್ನೀರಿನಲ್ಲೋ ಮುಳುಗಿದವರ ಮಗು ಶಾಲೆಗೆ ಹೋಗುವಾಗ ಅದೇ ನೀರನ್ನು ನೋಡುತ್ತ ಹೋಗಬೇಕು. ಅಡಿಕೆ ಮರದಿಂದ ಬಿದ್ದವರ, ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಗುಲಿ ತೀರಿಕೊಂಡವರ ಮಗುವಿನ ಮುಂದೆ ಕೊಯ್ಲಿನ ಕಾಲದಲ್ಲಿ ಅದೇ ಕೆಲಸ ನಡೆಯುತ್ತದೆ. ಕಾರಣವಿಲ್ಲದೆ ಬಂದಂತೆ ತೋರುವ ಸಿಟ್ಟಿನ ಹಿಂದೆ ಹೀಗೆ ನೆನಪು ಕೆದಕುವ ಒಂದು ನೋಟ, ಶಬ್ದ ಅಥವಾ ವಾಸನೆ ಇರಬಹುದು. ಮಳೆಗಾಲದಲ್ಲಿ ಶಾಲೆಗೆ ಮೇಲಿಂದ ಮೇಲೆ ರಜೆ, ದಿನಗಟ್ಟಲೆ ಕರೆಂಟಿಲ್ಲ, ನೆರೆಮನೆಗೆ ಹೋಗಲು ಹಳ್ಳ ಅಡ್ಡ. ಗೆಳೆಯರೂ ದಿನಚರಿಯೂ ಒಟ್ಟಿಗೇ ತಪ್ಪುವುದರಿಂದ ಆಷಾಢ, ಶ್ರಾವಣಗಳಲ್ಲಿ ಮಗುವಿನ ವರ್ತನೆ ಹದಗೆಡುವ ಸಂಭವ ಹೆಚ್ಚೆಂದು ಮೊದಲೇ ತಿಳಿದಿರಬೇಕು.

ಸಾಕುವವರೂ ಶೋಕದಲ್ಲಿರುತ್ತಾರೆ ಎಂಬುದನ್ನು ಮರೆಯುವಂತಿಲ್ಲ. ಮೊಮ್ಮಗಳು ತಾಯಿಯನ್ನು ಕಳೆದುಕೊಂಡಿದ್ದರೆ ಅಜ್ಜಿ ಮಗಳನ್ನು ಕಳೆದುಕೊಂಡಿರುತ್ತಾಳೆ. ಅಜ್ಜಿ ಅಳುತ್ತಾಳೆಂದು ಮಗು ತಾಯಿಯ ಹೆಸರೆತ್ತುವುದಿಲ್ಲ, ಮಗು ನೊಂದುಕೊಳ್ಳುತ್ತದೆಂದು ಅಜ್ಜಿಯೂ ಎತ್ತುವುದಿಲ್ಲ. ಇಬ್ಬರೂ ಪರಸ್ಪರ ಕಾಪಾಡಲು ಹೋಗಿ ಮನೆಯಲ್ಲಿ ಮೌನ ಕಟ್ಟಿಕೊಳ್ಳುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಎರಡು ವಾರ ಬರೆದಿಡುವುದು. ತೊಂದರೆಯ ವರ್ತನೆ ಕಂಡಾಗಲೆಲ್ಲ ದಿನ, ಹೊತ್ತು, ಅದಕ್ಕೆ ಮುಂಚೆ ನಡೆದದ್ದು, ಮಗು ಮಾಡಿದ್ದು, ಆಮೇಲೆ ಹಿರಿಯರು ಮಾಡಿದ್ದು ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಬೇಕು. ತಂದೆ ಬಂದುಹೋದ ಮರುದಿನ, ಸಂಜೆ ದೀಪ ಹಚ್ಚುವ ಹೊತ್ತು, ಭಾನುವಾರ ರಾತ್ರಿ ಎಂಬಂಥ ಒಂದು ಕ್ರಮ ಇದರಿಂದ ಹೊರಬೀಳುತ್ತದೆ. ಕ್ರಮ ತಿಳಿದ ಮೇಲೆ, ತಪ್ಪಾಗುವವರೆಗೆ ಕಾದು ಬೈಯುವ ಬದಲು ಆ ಹೊತ್ತಿಗೆ ಮೊದಲೇ ಮಗುವಿನ ಪಕ್ಕದಲ್ಲಿರಲು ಸಾಧ್ಯವಾಗುತ್ತದೆ.

2. ಸತ್ಯವನ್ನು ಸರಳವಾಗಿ ಹೇಳುವುದು. ‘ಅಮ್ಮ ತೀರಿಹೋದಳು ಪುಟ್ಟಾ. ಕಾಯಿಲೆ ತುಂಬ ಜೋರಾಗಿ ಅವಳ ದೇಹ ಕೆಲಸ ನಿಲ್ಲಿಸಿತು. ಅವಳು ವಾಪಸ್ ಬರುವುದಿಲ್ಲ. ನೀನು ಮಾಡಿದ್ದರಿಂದ, ಹೇಳಿದ್ದರಿಂದ ಆದದ್ದಲ್ಲ’ ಎಂಬಷ್ಟು ಸಾಕು. ‘ನಿದ್ದೆ ಮಾಡುತ್ತಿದ್ದಾಳೆ’, ‘ದೂರದೂರಿಗೆ ಹೋಗಿದ್ದಾಳೆ’ ಎಂಬ ಮಾತುಗಳು ಚಿಕ್ಕ ಮಗುವಿಗೆ ನಿದ್ದೆಯ ಮತ್ತು ಪ್ರಯಾಣದ ಭಯ ಹುಟ್ಟಿಸುತ್ತವೆ. ದೇವರ ಬಳಿ ಇದ್ದಾಳೆ ಎಂಬ ಮನೆಯ ನಂಬಿಕೆಯನ್ನು ಹೇಳಬಹುದು, ಆದರೆ ದೇಹದ ಸತ್ಯವನ್ನು ಹೇಳಿದ ಮೇಲೆ. ಆತ್ಮಹತ್ಯೆಯ ಸಂದರ್ಭದಲ್ಲೂ ಮಗು ಊರಿನವರ ಬಾಯಿಂದ ಕೇಳುವ ಮುಂಚೆ ಮನೆಯವರೇ, ವಿಧಾನದ ವಿವರಗಳಿಲ್ಲದೆ, ಯಾರ ಮೇಲೂ ತಪ್ಪು ಹೊರಿಸದೆ ತಿಳಿಸುವುದು ಲೇಸು. ಅದೇ ಪ್ರಶ್ನೆಯನ್ನು ಮಗು ಮತ್ತೆ ಮತ್ತೆ ಕೇಳಿದರೆ ಅದೇ ಉತ್ತರವನ್ನು ಅದೇ ಮಾತಿನಲ್ಲಿ ಕೊಡಬೇಕು.

3. ಯಾರು, ಏನು, ಯಾವಾಗ ಎಂದು ನಿಗದಿ ಮಾಡುವುದು. ಎಬ್ಬಿಸುವವರು ಯಾರು, ಬಸ್ಸಿಗೆ ಬಿಡುವವರು ಯಾರು, ರಾತ್ರಿ ಪಕ್ಕದಲ್ಲಿ ಮಲಗುವವರು ಯಾರು ಎಂಬುದು ಮಗುವಿಗೆ ಗೊತ್ತಿರಬೇಕು. ನಾಳೆ ಏನಾಗುತ್ತದೆ ಎಂದು ಮೊದಲೇ ತಿಳಿದಿದ್ದರೆ ಸದಾ ಎಚ್ಚರದಲ್ಲಿರುವ ದೇಹ ವಿಶ್ರಮಿಸುತ್ತದೆ. ಹೊರಗೆ ಹೋಗುವ ಹಿರಿಯರು ಮಗು ನೋಡದ ಹೊತ್ತಿನಲ್ಲಿ ಜಾರಿಕೊಳ್ಳದೆ, ಹೇಳಿ ಹೋಗಿ, ಹೇಳಿದ ಬಸ್ಸಿಗೇ ಮರಳಬೇಕು. ತಡವಾದರೆ ಫೋನ್ ಮಾಡಬೇಕು. ‘ಅಜ್ಜಿಗೆ ಏನಾದರೂ ಆದರೆ?’ ಎಂದು ಮಗು ಕೇಳಿದಾಗ, ‘ಏನೂ ಆಗುವುದಿಲ್ಲ’ ಎಂಬ ಭರವಸೆಗಿಂತ ‘ಆಗ ಮಾವ ಅತ್ತೆ ನಿನ್ನನ್ನು ನೋಡಿಕೊಳ್ಳುತ್ತಾರೆ, ನಾವು ಮಾತಾಡಿಕೊಂಡಿದ್ದೇವೆ’ ಎಂಬ ಉತ್ತರ ಹೆಚ್ಚು ನೆಮ್ಮದಿ ಕೊಡುತ್ತದೆ. ಅಂಥ ಏರ್ಪಾಡು ನಿಜವಾಗಿಯೂ ಆಗಿರಬೇಕೆಂದು ಬೇರೆ ಹೇಳಬೇಕಿಲ್ಲ.

4. ಭಾವನೆಗೆ ಒಪ್ಪಿಗೆ, ವರ್ತನೆಗೆ ಮಿತಿ. ‘ಸಿಟ್ಟು ಬಂದಿದೆ, ಗೊತ್ತಾಯಿತು. ತಂಗಿಗೆ ಹೊಡೆಯುವ ಹಾಗಿಲ್ಲ. ಬಾ, ಹೊರಗೆ ಜಗುಲಿಯಲ್ಲಿ ಕೂರೋಣ’ ಎಂದು ಹತ್ತಿರವಿದ್ದೇ ತಡೆಯಬೇಕು. ನಿಯಮಗಳು ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ, ಆದರೆ ಅವು ಆ ಮನೆಯ ಎಲ್ಲ ಮಕ್ಕಳಿಗೂ ಒಂದೇ ಆಗಿರಬೇಕು. ನಿಯಮವೇ ಇಲ್ಲದ ಮನೆಯಲ್ಲಿ ಮಗುವಿಗೆ ತಾನು ಇಲ್ಲಿಯ ಮಗುವಲ್ಲ, ತನ್ನನ್ನು ಕನಿಕರಕ್ಕೆ ಇಟ್ಟುಕೊಂಡಿದ್ದಾರೆ ಎನ್ನಿಸುತ್ತದೆ. ಮುರಿದದ್ದನ್ನು ಜೋಡಿಸಲು, ಚೆಲ್ಲಿದ್ದನ್ನು ಒರೆಸಲು ಮಗುವಿನ ಜೊತೆ ಹಿರಿಯರೂ ಕೈಹಾಕಿ ತಪ್ಪನ್ನು ಸರಿಪಡಿಸುವ ದಾರಿ ಕಲಿಸಬೇಕು.

5. ಅಗಲಿದವರ ನೆನಪಿಗೆ ಮನೆಯಲ್ಲಿ ಜಾಗ. ಫೋಟೊವನ್ನು ಪೆಟ್ಟಿಗೆಗೆ ಸೇರಿಸದೆ ಮಗುವಿಗೆ ಎಟುಕುವಂತೆ ಇಡುವುದು, ತಾಯಿಯ ಒಂದು ಹಳೆಯ ಸೀರೆಯನ್ನು ಹೊದೆಯಲು ಕೊಡುವುದು, ಅವಳು ಮಾಡುತ್ತಿದ್ದ ಅಡುಗೆಯನ್ನು ಅವಳ ಹೆಸರು ಹೇಳಿ ಬಡಿಸುವುದು ನೋವನ್ನು ಹೆಚ್ಚಿಸುವುದಿಲ್ಲ. ವರ್ಷಾಂತಿಕ, ತಿಥಿ, ಮಹಾಲಯ ಅಮಾವಾಸ್ಯೆ, ಚರ್ಚಿನ ಸ್ಮರಣೆಯ ಪ್ರಾರ್ಥನೆ, ಕಬರಸ್ತಾನದ ಭೇಟಿ ಇವುಗಳಲ್ಲಿ ಏನು ನಡೆಯುತ್ತದೆ ಎಂದು ಮೊದಲೇ ವಿವರಿಸಿ, ಬರುತ್ತೀಯಾ ಎಂದು ಕೇಳಿ, ಬಂದರೆ ಹೂವು ಇಡುವಂಥ ಸಣ್ಣ ಕೆಲಸ ಕೊಡಬೇಕು, ಬಲವಂತ ಸಲ್ಲದು.

6. ಶಾಲೆಯನ್ನು ಜೊತೆಗೆ ತೆಗೆದುಕೊಳ್ಳುವುದು. ಕ್ಲಾಸ್ ಟೀಚರನ್ನು ಖುದ್ದಾಗಿ ಕಂಡು ಮಗುವಿನ ಸ್ಥಿತಿ, ಯಾವ ವಿಷಯ ಬಂದರೆ ಕಳವಳಗೊಳ್ಳುತ್ತದೆ ಎಂಬುದನ್ನು ತಿಳಿಸಬೇಕು. ‘ನನ್ನ ಅಮ್ಮ’ ಎಂಬ ಪ್ರಬಂಧ, ಪೋಷಕರ ಸಭೆ ಇಂಥವು ಮೊದಲೇ ತಿಳಿದರೆ ಅನುಕೂಲ. ಅಳು ಬಂದಾಗ ಹೋಗಿ ಕೂರಲು ಒಂದು ಜಾಗ, ಮಾತಾಡಲು ಒಬ್ಬ ಶಿಕ್ಷಕಿ ಇದ್ದರೆ ಸಾಕು. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯಲ್ಲಿ ದಾಖಲಾತಿ ನಿರಾಕರಿಸುವಂತಿಲ್ಲ. ಅದೇ ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ.

7. ಸಾಕುವವರ ಆರೈಕೆ. ವಾರಕ್ಕೊಂದು ಮಧ್ಯಾಹ್ನವಾದರೂ ಮಗುವಿನ ಹೊಣೆಯನ್ನು ಇನ್ನೊಬ್ಬ ನಂಬಿಕಸ್ಥ ಬಂಧುವಿಗೆ ವಹಿಸಿ ಹಿರಿಯರು ತಮ್ಮ ಔಷಧಿ, ವಿಶ್ರಾಂತಿ, ಸಂಘದ ಸಭೆಗಳಿಗೆ ಸಮಯ ಮಾಡಿಕೊಳ್ಳಬೇಕು. ಮಗುವಿನ ಮುಂದೆ ಕಣ್ಣೀರು ಬಂದರೆ ಅದು ತಪ್ಪಲ್ಲ; ‘ನನಗೂ ಅವಳ ನೆನಪಾಯಿತು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತೇನೆ’ ಎಂದರೆ ದುಃಖವನ್ನು ತಾಳಿಕೊಳ್ಳಬಹುದೆಂಬ ಪಾಠ ಮಗುವಿಗೆ ಸಿಗುತ್ತದೆ.

ಕೆಲವು ನಿರ್ದಿಷ್ಟ ತೊಂದರೆಗಳು

*ಹಾಸಿಗೆ ಒದ್ದೆ ಮಾಡುವುದು.* ನಿಂತುಹೋಗಿದ್ದ ಅಭ್ಯಾಸ ಮರಳಿದರೆ ಮೊದಲು ಮೂತ್ರದ ಸೋಂಕು, ಮಲಬದ್ಧತೆ ಇವೆಯೇ ಎಂದು ವೈದ್ಯರಲ್ಲಿ ಪರೀಕ್ಷಿಸಬೇಕು. ಹಾಸಿಗೆಯ ಮೇಲೆ ರಬ್ಬರ್ ಶೀಟು ಹಾಕಿ, ಮಲಗುವ ಮುನ್ನ ಬಚ್ಚಲಿಗೆ ಕರೆದೊಯ್ದು, ಬೆಳಿಗ್ಗೆ ಯಾರಿಗೂ ತಿಳಿಯದಂತೆ ಬಟ್ಟೆ ಬದಲಿಸಬೇಕು. ಬಚ್ಚಲು ಮನೆಯಿಂದ ಹೊರಗಿದ್ದರೆ ಕತ್ತಲೆಯ ಭಯವೂ ಕಾರಣವಾಗಿರಬಹುದಾದ್ದರಿಂದ ಜೊತೆಯಲ್ಲಿ ಹೋಗುವುದು ಅಗತ್ಯ.

*ತಿಂಡಿ ಬಚ್ಚಿಡುವುದು, ಹಣ ತೆಗೆಯುವುದು.* ಮಗುವಿಗೆ ಅದರದ್ದೇ ಆದ ಒಂದು ಡಬ್ಬಿ ಕೊಟ್ಟು, ಅದರಲ್ಲಿ ಸದಾ ಏನಾದರೂ ತಿಂಡಿ ಇರುವಂತೆ ನೋಡಿಕೊಂಡರೆ ಬಚ್ಚಿಡುವ ಅಗತ್ಯ ಕ್ರಮೇಣ ತಗ್ಗುತ್ತದೆ. ಹಣ ತೆಗೆದದ್ದು ಗೊತ್ತಾದಾಗ ‘ತೆಗೆದೆಯಾ?’ ಎಂದು ವಿಚಾರಣೆ ಮಾಡಿ ಸುಳ್ಳಿಗೆ ದಾರಿಮಾಡಿಕೊಡದೆ, ‘ತೆಗೆದಿದ್ದೀಯ, ಗೊತ್ತಿದೆ, ಹೇಗೆ ಹಿಂತಿರುಗಿಸೋಣ?’ ಎಂದು ಬೇರೆ ಯಾರೂ ಇಲ್ಲದಾಗ ಮಾತಾಡಬೇಕು.

*ಶಾಲೆಗೆ ಹೋಗಲೊಲ್ಲದಿರುವುದು.* ಹೆಚ್ಚಿನ ಸಂದರ್ಭಗಳಲ್ಲಿ ಇದು ಶಾಲೆಯ ಭಯವಾಗಿರದೆ, ಮನೆ ಬಿಟ್ಟರೆ ಮನೆಯವರಿಗೆ ಏನಾಗುವುದೋ ಎಂಬ ಭಯವಾಗಿರುತ್ತದೆ. ಮಧ್ಯಾಹ್ನ ಒಮ್ಮೆ ಶಾಲೆಯ ಫೋನಿನಲ್ಲಿ ಮಾತಾಡಿಸುವ ಏರ್ಪಾಡು ಮಾಡಿ, ಮೊದಲು ಅರ್ಧ ದಿನ, ಆಮೇಲೆ ಪೂರ್ಣ ದಿನ ಎಂದು ಹೆಚ್ಚಿಸಬೇಕು. ವಾರಗಟ್ಟಲೆ ಮನೆಯಲ್ಲೇ ಉಳಿಸಿಕೊಂಡರೆ ಭಯ ಬೇರೂರುತ್ತದೆ.

*ಅತಿ ಒಳ್ಳೆಯತನ.* ಅಳದೆ, ಏನೂ ಕೇಳದೆ, ತಮ್ಮ ತಂಗಿಯರನ್ನು ತಾನೇ ತಾಯಿಯಂತೆ ನೋಡಿಕೊಳ್ಳುವ ಮಗುವನ್ನು ಎಲ್ಲರೂ ಮೆಚ್ಚುತ್ತಾರೆ, ಯಾರೂ ವಿಚಾರಿಸುವುದಿಲ್ಲ. ಇದು ಹೆಚ್ಚಾಗಿ ಹಿರಿಯ ಹೆಣ್ಣುಮಗುವಿನ ಪಾಲಿಗೆ ಬರುತ್ತದೆ. ಅವಳಿಗೂ ಆಟದ ಹೊತ್ತು ಮೀಸಲಿರಬೇಕು, ಅಡುಗೆ ಮನೆಯ ಹೊಣೆ ಅವಳದಾಗಬಾರದು.

ಸಾಮಾನ್ಯ ತಪ್ಪುಗಳು

1. ‘ನೀನು ಗಂಡಸು, ಅಳಬಾರದು’, ‘ಇನ್ನು ಮನೆಗೆ ನೀನೇ ಯಜಮಾನ’ ಎಂದು ಎಂಟು ಹತ್ತು ವರ್ಷದ ಹುಡುಗನಿಗೆ ಹೇಳುವುದು.

2. ‘ಹೀಗೇ ಮಾಡಿದರೆ ಹಾಸ್ಟೆಲ್ಲಿಗೆ ಸೇರಿಸುತ್ತೇನೆ’, ‘ನಿನ್ನ ಅಪ್ಪನ ಹತ್ತಿರ ಕಳಿಸುತ್ತೇನೆ’ ಎಂದು ಬೆದರಿಸುವುದು. ಮೂರನೆಯ ಪ್ರಶ್ನೆಗೆ ಮಗು ಯಾವ ಉತ್ತರಕ್ಕೆ ಹೆದರುತ್ತಿದೆಯೋ ಅದನ್ನೇ ಇದು ದೃಢಪಡಿಸುತ್ತದೆ.

3. ಅಗಲಿಕೆಯಾದ ಕೂಡಲೇ ವಸತಿ ಶಾಲೆಗೆ ಕಳಿಸುವುದು. ಬಾಳೆಹೊನ್ನೂರು ಸಮೀಪದ ಜವಾಹರ ನವೋದಯ ವಿದ್ಯಾಲಯವಾಗಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಾಗಲಿ ಆರನೇ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ. ಓದಿಗೆ ಅವು ಒಳ್ಳೆಯ ಅವಕಾಶ ಹೌದು. ಆದರೆ ತಾಯಿ ತೀರಿದ ವರ್ಷವೇ ಅಲ್ಲಿಗೆ ಹೊರಡುವುದು ಮಗುವಿಗೆ ಎರಡನೆಯ ಅಗಲಿಕೆಯಾಗಬಹುದಾದ್ದರಿಂದ, ಮಗುವಿನ ಇಷ್ಟ ಕೇಳಿ, ರಜೆಗೆ ಯಾರ ಮನೆಗೆ ಬರುವುದೆಂದು ಖಚಿತಪಡಿಸಿ ನಿರ್ಧರಿಸಬೇಕು.

4. ಅಡಿಕೆ ತೋಟದ ಪಾಲು, ವಿಮೆಯ ಹಣ, ತೀರಿಕೊಂಡವರ ಸಾಲ ಇವುಗಳ ಜಗಳವನ್ನು ಮಗುವಿನ ಕಿವಿಗೆ ಬೀಳುವಂತೆ ಆಡುವುದು; ಬದುಕಿರುವ ತಂದೆಯನ್ನೋ ತಾಯಿಯನ್ನೋ ಮಗುವಿನ ಮುಂದೆ ಹಳಿಯುವುದು.

5. ಬಂದ ನೆಂಟರೆದುರು ‘ಇದೇ ನೋಡಿ, ತಾಯಿಯಿಲ್ಲದ ಮಗು’ ಎಂದು ತೋರಿಸುವುದು. ‘ಕಾಲ್ಗುಣ’ ಎಂಬಂಥ ಮಾತಿಗೆ ಮನೆಯಲ್ಲಿ ಎಡೆಕೊಡುವುದು. ಮೊದಲನೆಯ ಪ್ರಶ್ನೆಯಿಂದ ನರಳುತ್ತಿರುವ ಮಗುವಿಗೆ ಈ ಮಾತು ತೀರ್ಪಿನಂತೆ ತಾಗುತ್ತದೆ.

6. ಮೊಬೈಲು ಕೊಟ್ಟು ಸುಮ್ಮನಾಗಿಸುವುದು. ಆ ಹೊತ್ತಿಗೆ ಅಳು ನಿಲ್ಲುತ್ತದೆ, ಆದರೆ ನಿದ್ದೆ ಕೆಡುತ್ತದೆ, ಮಾತು ನಿಲ್ಲುತ್ತದೆ.

ಎಚ್ಚರಿಕೆ: ಯಾವಾಗ ವೈದ್ಯರನ್ನು ಕಾಣಬೇಕು

ಬಹುಪಾಲು ಮಕ್ಕಳು ಸ್ಥಿರವಾದ ಆರೈಕೆಯಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಆರು ತಿಂಗಳು ಕಳೆದರೂ ತೀವ್ರ ಹಂಬಲ ಮತ್ತು ದುಃಖ ಬಹುತೇಕ ಪ್ರತಿದಿನ ಕಾಡುತ್ತ ಊಟ, ನಿದ್ದೆ, ಓದು, ಆಟ ಯಾವುದಕ್ಕೂ ಬಿಡದಿದ್ದರೆ ಅದನ್ನು ವೈದ್ಯಶಾಸ್ತ್ರವು ದೀರ್ಘಕಾಲಿಕ ಶೋಕ ಎಂಬ ಪ್ರತ್ಯೇಕ ತೊಂದರೆಯೆಂದು ಗುರುತಿಸುತ್ತದೆ. ಸಾಯುವ ಮಾತು, ‘ಅಮ್ಮನ ಹತ್ತಿರ ಹೋಗುತ್ತೇನೆ’ ಎಂಬ ಮಾತಿನ ಪುನರಾವರ್ತನೆ, ಮೈಗೆ ಗಾಯ ಮಾಡಿಕೊಳ್ಳುವುದು, ಮನೆ ಬಿಟ್ಟು ಓಡುವುದು, ಪ್ರಾಣಿಗಳನ್ನೋ ಚಿಕ್ಕವರನ್ನೋ ಹಿಂಸಿಸುವುದು, ಮದ್ಯ ಅಥವಾ ಇತರ ಮಾದಕ ವಸ್ತುಗಳ ಬಳಕೆ, ಕಣ್ಣಾರೆ ಕಂಡ ಅಪಘಾತದ ದೃಶ್ಯ ಮತ್ತೆ ಮತ್ತೆ ಮರುಕಳಿಸುವುದು ಇವುಗಳಲ್ಲಿ ಒಂದು ಕಂಡರೂ ಆರು ತಿಂಗಳು ಕಾಯಬಾರದು. ಅಂಥ ಮಗುವಿರುವ ಮನೆಗಳಲ್ಲಿ ಕಳೆನಾಶಕ, ಕೀಟನಾಶಕ, ಮೈಲುತುತ್ತ, ಅಜ್ಜ ಅಜ್ಜಿಯರ ಮಾತ್ರೆಗಳು ಮತ್ತು ಬೆಳೆ ರಕ್ಷಣೆಯ ಕೋವಿ ಕಡ್ಡಾಯವಾಗಿ ಬೀಗದೊಳಗಿರಬೇಕು, ಬೀಗದ ಕೈ ಹಿರಿಯರ ಬಳಿಯಿರಬೇಕು.

ಸಹಾಯಕ್ಕೆ ದಿನದ 24 ಗಂಟೆಯೂ ಕನ್ನಡದಲ್ಲಿ ಉಚಿತವಾಗಿ ಮಾತಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದು 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಮಗುವಿಗೆ ಹಿಂಸೆ, ಶೋಷಣೆ, ದುಡಿಮೆಯ ಬಲವಂತ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ಆಶಾ ಕಾರ್ಯಕರ್ತೆಯರ ಮೂಲಕ ತಿಳಿದುಕೊಳ್ಳಬಹುದು. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳಿವೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ.

ಹಣ ಮತ್ತು ಕಾನೂನಿನ ನೆರವು

ಸಾಕುವವರ ಹಣದ ಚಿಂತೆ ಮಗುವಿಗೆ ತಾನೇ ಹೊರೆಯೆಂಬ ಭಾವವಾಗಿ ತಟ್ಟುವುದರಿಂದ ಈ ವಿಷಯ ವರ್ತನೆಗೆ ಹೊರತಾದುದಲ್ಲ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ, ಬಂಧುಗಳ ಮನೆಯಲ್ಲಿ ಬೆಳೆಯುವ ಅನಾಥ ಮಕ್ಕಳೂ ಸೇರಿದಂತೆ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ನೆರವು ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯದ ಮಿತಿ ಗ್ರಾಮೀಣ ಪ್ರದೇಶದಲ್ಲಿ 72,000, ಇತರೆಡೆ 96,000 ರೂಪಾಯಿ. ಅರ್ಜಿಯನ್ನು ಚಿಕ್ಕಮಗಳೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸಬೇಕಾಗುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲೂ ಅಂಗನವಾಡಿಯಲ್ಲೂ ವಿಚಾರಿಸಬಹುದು. ಹೆತ್ತವರ ಮರಣ ಪ್ರಮಾಣ ಪತ್ರ, ಮಗುವಿನ ಜನನ ಪ್ರಮಾಣ ಪತ್ರ, ಆಧಾರ್, ವ್ಯಾಸಂಗ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ, ಬ್ಯಾಂಕ್ ಪಾಸ್‌ಬುಕ್ ಇವುಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಂಡಿರಬೇಕು.

ಮಗುವನ್ನು ಸಾಕುತ್ತಿರುವ ಮಾತ್ರಕ್ಕೆ ಬಂಧುಗಳು ಕಾನೂನಿನ ಪಾಲಕರಾಗುವುದಿಲ್ಲ. ಅಗತ್ಯವಿದ್ದರೆ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಂತೆ ನ್ಯಾಯಾಲಯದಿಂದ ಆದೇಶ ಪಡೆಯಬೇಕು. ಹಿಂದೂ ಅಪ್ರಾಪ್ತ ಮಗುವಿನ ಆಸ್ತಿಯನ್ನು, ಕೇವಲ ಸಾಕುತ್ತಿರುವವರೆಂಬ ನೆಲೆಯಲ್ಲಿ ಯಾರೂ ಮಾರುವಂತಿಲ್ಲವೆಂದು 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ 11ನೇ ಕಲಂ ಹೇಳುತ್ತದೆ. ತೀರಿಕೊಂಡವರ ಹೆಸರಿನ ಜಮೀನಿನ ಪೌತಿ ಖಾತೆಯಲ್ಲಿ ಮಗುವಿನ ಹೆಸರು ಬರುವಂತೆ ಬೇಗನೆ ನೋಡಿಕೊಂಡರೆ ಮುಂದಿನ ಅನೇಕ ಕಲಹಗಳು ತಪ್ಪುತ್ತವೆ.

ಇಲ್ಲಿ ಹೇಳಿದ ಕ್ರಮಗಳಲ್ಲಿ ಯಾವುದೂ ವಾರದೊಳಗೆ ಫಲ ಕೊಡುವಂಥದ್ದಲ್ಲ. ಕೆಲವು ತಿಂಗಳು ಸುಧಾರಿಸಿದ ಮಗು ವರ್ಷಾಂತಿಕದ ಹೊತ್ತಿಗೆ ಮತ್ತೆ ಹಠಕ್ಕೆ ಇಳಿಯಲೂಬಹುದು. ಎಲ್ಲವನ್ನೂ ಒಟ್ಟಿಗೇ ಆರಂಭಿಸಲಾಗದ ಕುಟುಂಬಗಳು ಮೊದಲು ಮಗುವಿಗೆ ಸತ್ಯ ಹೇಳಲಿ, ಯಾರು ನೋಡಿಕೊಳ್ಳುತ್ತಾರೆಂಬುದನ್ನು ಖಚಿತಪಡಿಸಲಿ, ಕಳಿಸಿಬಿಡುತ್ತೇವೆಂಬ ಬೆದರಿಕೆಯನ್ನು ಇಂದೇ ಬಿಡಲಿ. ಉಳಿದ ಕ್ರಮಗಳನ್ನು ಒಂದೊಂದಾಗಿ ಸೇರಿಸಿಕೊಳ್ಳಬಹುದು.